ನೇಕ್‌ಕ್ರೂ ಮನೆಯ ತಾಳೆಬೆಲ್ಲ

ಕಾಂಬೋಡಿಯಾದ ಸಿಯೆಮ್ ರೀಪ್ ಊರಿನಿಂದ ಬಂತಿಯಾಯ್ ಸ್ರೈ ಗುಡಿಗೆ ಹೋಗುವ ರಸ್ತೆಯಲ್ಲಿ, ಆಂಗ್ಕೋರ್‌ನ ದೊಡ್ಡ ದೊಡ್ಡ ದೇವಾಲಯಗಳೆಲ್ಲ ಹಿಂದೆ ಉಳಿದ ಮೇಲೆ, ಪ್ರೆಯಾ ದಾಕ್ ಎಂಬ ಹಳ್ಳಿ ಸಿಗುತ್ತದೆ. ರಸ್ತೆಯ ಎರಡೂ ಬದಿಗೆ ಒಲೆ. ಒಲೆಯ ಮೇಲೆ ಅಗಲ ಬಾಯಿಯ ಕೊಪ್ಪರಿಗೆ. ಅದರಲ್ಲಿ ಕುದಿಯುವುದು ತಾಳೆಮರದ ರಸ. ಹಿಂದೆ ಗದ್ದೆಯ ಬದುಗಳ ಮೇಲೆ ಉದ್ದಕ್ಕೆ ನಿಂತ ತಾಳೆಮರಗಳು. ಬಳ್ಳಾರಿ, ರಾಯಚೂರಿನ ಕಡೆ ಬೇಸಿಗೆಯಲ್ಲಿ ತಾಟಿನಿಂಗು ಕೊಡುವ ಮರವೇ ಇದು. ಇಲ್ಲಿನವರಿಗೆ ಮಾತ್ರ ಅದು ಅರ್ಧ ಸಂಸಾರ.

2024ರ ಫೆಬ್ರುವರಿಯಲ್ಲಿ ತಿಪಟೂರಿನ ದಂಪತಿಗಳಿಬ್ಬರು ಈ ದಾರಿಯಲ್ಲಿ ಟುಕ್‌ಟುಕ್ ಹತ್ತಿ ಹೊರಟಿದ್ದರು. ಹೆಂಡತಿ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಪಾಠ ಹೇಳಿ ನಿವೃತ್ತರಾದವರು. ಅದರಲ್ಲಿ ಬಹುಪಾಲು ಒಂದನೇ ತರಗತಿಯೇ. ಗಂಡ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆದವರು. ಆಂಗ್ಕೋರ್ ವಾಟ್ ನೋಡಬೇಕೆಂಬುದು ಟೀಚರಮ್ಮನ ಬಹಳ ದಿನದ ಆಸೆ. ಎರಡು ದಿನ ಗುಡಿಗಳನ್ನು ಸುತ್ತಿ ಕಾಲು ಬಾತಿದ್ದವು. ಮೂರನೆಯ ದಿನಕ್ಕೆ ಉಳಿದಿದ್ದದ್ದು ಬಂತಿಯಾಯ್ ಸ್ರೈ.

ಈ ಗುಡಿಗೆ ಒಂದು ವಿಶೇಷವಿದೆ. ಆಂಗ್ಕೋರ್‌ನ ಹೆಸರಾಂತ ಗುಡಿಗಳೆಲ್ಲ ರಾಜರು ಕಟ್ಟಿಸಿದವು. ಇದನ್ನು ಕಟ್ಟಿಸಿದವನು ಯಜ್ಞವರಾಹ, ಐದನೆಯ ಜಯವರ್ಮನಿಗೆ ಗುರುವಾಗಿದ್ದವನು. ಪ್ರತಿಷ್ಠೆಯಾದದ್ದು ಕ್ರಿ.ಶ. 967ರಲ್ಲಿ. ಕೆಂಪು ಮರಳುಗಲ್ಲಿನ ಈ ಗುಡಿ ಅಳತೆಯಲ್ಲಿ ಚಿಕ್ಕದು, ಕೆತ್ತನೆಯಲ್ಲಿ ಉಳಿದವುಗಳನ್ನು ಮೀರಿಸಿದ್ದು. ಹಿಂದಿನ ದಿನ ಟುಕ್‌ಟುಕ್ ಓಡಿಸುವ ಹುಡುಗ ತನ್ನ ಹರಕು ಇಂಗ್ಲಿಷಿನಲ್ಲಿ ಇದನ್ನು ಹೇಳಿದಾಗ ಟೀಚರಮ್ಮ, "ಹಾಗಾದರೆ ಇದು ಮೇಷ್ಟ್ರು ಕಟ್ಟಿಸಿದ ಗುಡಿ" ಎಂದರು. ಹುಡುಗ ನಕ್ಕ. "ಮೇಡಂ, ನಮ್ಮ ಚಿಕ್ಕಮ್ಮನೂ ಮೇಷ್ಟ್ರೇ. ಆ ದಾರಿಯಲ್ಲೇ ಅವರ ಶಾಲೆ. ನೀವೂ ಮೇಷ್ಟ್ರು ಅಂದಿರಿ. ಕೇಳಿ ನೋಡಲೇ?"

ಕೇಳಿಯೇ ಹೋಗಬೇಕು. ಸಿಯೆಮ್ ರೀಪ್‌ನ ಸುತ್ತಮುತ್ತ ವಿದೇಶಿಯರು ಕ್ಯಾಮೆರಾ ಹಿಡಿದು ಶಾಲೆಗಳಿಗೆ, ಅನಾಥಾಲಯಗಳಿಗೆ ನುಗ್ಗುವುದು ಒಂದು ಪಿಡುಗೇ ಆಗಿಹೋಗಿತ್ತು. ಚಾಕೊಲೇಟು ಹಂಚಿ, ಮಕ್ಕಳನ್ನು ತಬ್ಬಿಕೊಂಡು ಫೋಟೊ ತೆಗೆಸಿಕೊಂಡು ಹೋಗುವವರು. ಮಕ್ಕಳು ಪ್ರೇಕ್ಷಣೀಯ ವಸ್ತುಗಳಲ್ಲ ಎಂದು ಊರಿನಲ್ಲಿ ಪ್ರಚಾರವನ್ನೇ ಮಾಡಬೇಕಾಯಿತು. ಹುಡುಗ ರಾತ್ರಿ ಫೋನು ಮಾಡಿ ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದಿದ್ದ. ಷರತ್ತು ಎರಡೇ: ಫೋಟೊ ಬೇಡ, ಮಿಠಾಯಿ ಬೇಡ.

ಶಾಲೆ ಒಂದು ಬೌದ್ಧ ವಿಹಾರದ ಪಕ್ಕಕ್ಕಿತ್ತು. ಉದ್ದನೆಯ ಹಳದಿ ಬಣ್ಣದ ಕಟ್ಟಡ, ಮುಂದೆ ಧ್ವಜಸ್ತಂಭ, ಬಾಗಿಲಲ್ಲಿ ಸಾಲಾಗಿ ಬಿಟ್ಟ ಹವಾಯಿ ಚಪ್ಪಲಿಗಳು. ಮಕ್ಕಳಿಗೆ ಬಿಳಿ ಅಂಗಿ, ಕಡುನೀಲಿ ಚಡ್ಡಿ ಇಲ್ಲವೇ ಲಂಗ. ಗಂಟೆಯ ಬದಲು ಲಾರಿಯ ಹಳೆಯ ರಿಮ್ಮೊಂದನ್ನು ಮರಕ್ಕೆ ನೇತುಹಾಕಿದ್ದರು. ಟೀಚರಮ್ಮ ಅದನ್ನು ನೋಡಿದವರೇ ಯಜಮಾನರ ಕಡೆ ತಿರುಗಿ, "ನೋಡಿದ್ರಾ, ನಮ್ಮ ಶಾಲೇದು ರೈಲು ಕಂಬಿ. ಇವರದ್ದು ರಿಮ್ಮು. ಅಷ್ಟೇ" ಎಂದರು.

ಕಾಂಬೋಡಿಯಾದ ಬಹಳಷ್ಟು ಶಾಲೆಗಳು ಎರಡು ಪಾಳಿಯಲ್ಲಿ ನಡೆಯುತ್ತವೆ. ಬೆಳಿಗ್ಗೆ ಏಳರಿಂದ ಹನ್ನೊಂದು, ಮಧ್ಯಾಹ್ನ ಒಂದರಿಂದ ಐದು. ಕೋಣೆ ಅದೇ, ಬೆಂಚು ಅದೇ, ಮಕ್ಕಳು ಬೇರೆ. ಹುಡುಗನ ಚಿಕ್ಕಮ್ಮನದು ಬೆಳಗಿನ ಪಾಳಿ, ಒಂದನೇ ತರಗತಿ. ಐವತ್ತೈದರ ಆಸುಪಾಸಿನ, ಸಣಕಲು ಮೈಯ ಹೆಂಗಸು. ಮನೆಯಲ್ಲಿ ಹುಡುಗ ಆಕೆಯನ್ನು ಕರೆಯುವುದು 'ಮಿಂಗ್' ಎಂದು, ಅಂದರೆ ಚಿಕ್ಕಮ್ಮ. ಶಾಲೆಯ ಗೇಟು ದಾಟಿದೊಡನೆ ಅವನೂ ಕೈಜೋಡಿಸಿ 'ನೇಕ್‌ಕ್ರೂ' ಎಂದ. ಅವನಿಗೂ ಅಕ್ಷರ ಕಲಿಸಿದ್ದು ಆಕೆಯೇ.

ಕ್ರೂ ಎಂದರೆ ಗುರು. ಪದವೂ ಅದೇ, ನಾಲಿಗೆ ಮಾತ್ರ ಬೇರೆ. ಮೇಷ್ಟ್ರಾದರೆ ಲೋಕ್‌ಕ್ರೂ, ಟೀಚರಾದರೆ ನೇಕ್‌ಕ್ರೂ. ಶಾಲೆ ಇವರ ಬಾಯಲ್ಲಿ ಸಾಲಾ. ಮುಖ್ಯೋಪಾಧ್ಯಾಯರಿಗೆ ಇವರು ಹೇಳುವುದು ಶಾಲೆಯ 'ನಾಯಕ' ಎಂದೇ. ಅಕ್ಷರ ಅಕ್ಸಾ ಆಗಿದೆ. ಶಿಷ್ಯ ಮಾತ್ರ ಸವೆದು ಸವೆದು 'ಸೆಹ್' ಎಂಬಷ್ಟಕ್ಕೆ ಬಂದು ನಿಂತಿದ್ದಾನೆ. ಬರವಣಿಗೆಯಲ್ಲಿ ಪೂರ್ತಿ ಇದ್ದಾನೆ, ಉಚ್ಚಾರಣೆಯಲ್ಲಿ ಮುಕ್ಕಾಲು ಪಾಲು ಗೈರುಹಾಜರು. ಶಿಷ್ಯರ ಜಾಯಮಾನವೇ ಅದಲ್ಲವೇ.

ತರಗತಿಯಲ್ಲಿ ನಲವತ್ತಕ್ಕೂ ಹೆಚ್ಚು ಮಕ್ಕಳು. ಎಲ್ಲರೂ ಎದ್ದು ನಿಂತು ಕೈಮುಗಿದು, "ಜುಂರಿಯಪ್ ಸುವ, ನೇಕ್‌ಕ್ರೂ" ಎಂದು ರಾಗ ಎಳೆದರು. ಮೊದಲ ಸಲ ತಮ್ಮ ಟೀಚರಿಗೆ, ಎರಡನೆಯ ಸಲ ತಿಪಟೂರಿನ ಟೀಚರಿಗೆ. ಆಮೇಲೆ ವರ್ಣಮಾಲೆ. ಕಾ, ಖಾ, ಕೋ, ಖೋ, ಙೋ. ಚಾ, ಛಾ, ಚೋ, ಛೋ, ಞೋ. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಟೀಚರಮ್ಮ ಬೆಚ್ಚಿಬಿದ್ದವರಂತೆ ನೆಟ್ಟಗೆ ಕೂತರು. ಗ, ಘ ಎಂಬಲ್ಲಿ ದನಿ ಬದಲಾಗಿ ಕೋ, ಖೋ ಆಗಿದೆ, ನಿಜ. ಆದರೆ ಸಾಲು ಅದೇ, ಐದೈದರ ವರ್ಗವೂ ಅದೇ, ಕೊನೆಗೆ ಮೂಗಿನ ಅಕ್ಷರ ಬರುವುದೂ ಅದೇ. ತಾವು ಮೂವತ್ತು ವರ್ಷ ಜೂನ್ ತಿಂಗಳಲ್ಲಿ ಹಾಡಿಸಿದ್ದನ್ನು ಇಲ್ಲಿ ಬೇರೆ ಮಕ್ಕಳು ಹಾಡುತ್ತಿದ್ದರು.

ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ ಎಂದು ಲಿಪಿ ಬಲ್ಲವರು ಹೇಳಿಯಾರು. ಖ್ಮೇರ್ ಲಿಪಿ ಹುಟ್ಟಿದ್ದು ಪಲ್ಲವರ ಲಿಪಿಯಿಂದ. ಕನ್ನಡದ್ದು ಕದಂಬ ಲಿಪಿಯ ಕಡೆಯಿಂದ ಬಂದದ್ದು. ಎರಡರ ಮೂಲವೂ ದಕ್ಷಿಣದ ಬ್ರಾಹ್ಮಿ. ಆದರೆ ಪುಸ್ತಕದಲ್ಲಿ ಓದುವುದು ಬೇರೆ, ಆರು ವರ್ಷದ ಮಕ್ಕಳ ಬಾಯಲ್ಲಿ ಕೇಳುವುದು ಬೇರೆ.

ಪಾಠದ ನಡುವೆ ಇಬ್ಬರು ಟೀಚರುಗಳ ಮಾತುಕತೆ ಹುಡುಗನ ಇಂಗ್ಲಿಷನ್ನೂ ದಾಟಿ ಬೋರ್ಡಿನ ಮೇಲೆಯೇ ನಡೆಯತೊಡಗಿತು. ನೇಕ್‌ಕ್ರೂ ಒಂದು ಅಕ್ಷರ ಬರೆದು ಅದರ ಕೆಳಗೆ ಇನ್ನೊಂದನ್ನು ಚಿಕ್ಕದಾಗಿ ಬರೆದರು. ಇದು 'ಅಕ್ಷರದ ಕಾಲು' ಎಂದು ಹುಡುಗ ಹೇಳಿದ. ಟೀಚರಮ್ಮ ಪಕ್ಕದಲ್ಲಿ 'ಕ್ಕ' ಬರೆದು ಒತ್ತಕ್ಷರ ತೋರಿಸಿದರು. ಖ್ಮೇರ್ ಅಕ್ಷರಗಳ ನೆತ್ತಿಯ ಮೇಲೆ ಒಂದು ಅಂಕುಡೊಂಕು ಗೀಟು ಇರುತ್ತದೆ. ಅದಕ್ಕೆ ಇವರು 'ಕೂದಲು' ಎನ್ನುತ್ತಾರೆ. ಕನ್ನಡದಲ್ಲಿ ಅದೇ ಜಾಗದಲ್ಲಿ ಇರುವುದು ತಲೆಕಟ್ಟು. "ಇವರು ತಲೆಗೆ ಕೂದಲು ಬಿಟ್ಟರು, ನಾವು ರುಮಾಲು ಕಟ್ಟಿದೆವು" ಎಂದು ಯಜಮಾನರು ಹಿಂದಿನಿಂದ ಹಾಸ್ಯ ಮಾಡಿದರು. ಅದನ್ನು ಅನುವಾದಿಸಲು ಹುಡುಗನಿಗೆ ಐದು ನಿಮಿಷ ಬೇಕಾಯಿತು. ಕೊನೆಗೂ ನೇಕ್‌ಕ್ರೂ ನಕ್ಕರು.

ಮುಂದೆ ನಡೆದದ್ದು ಯಾರೂ ಯೋಚಿಸಿ ಮಾಡಿದ್ದಲ್ಲ. ಟೀಚರಮ್ಮ ಬೋರ್ಡಿನ ಮೂಲೆಯಲ್ಲಿ ಕನ್ನಡದ ಅಂಕಿಗಳನ್ನು ಬರೆದರು: ೧, ೨, ೩. ಮಕ್ಕಳು ಒಂದು ಕ್ಷಣ ತಡವರಿಸಿದರು. ಆಮೇಲೆ ಮುಂದಿನ ಸಾಲಿನ ಹುಡುಗಿಯೊಬ್ಬಳು ಎರಡನೆಯದನ್ನು ತೋರಿಸಿ "ಪೀ!" ಎಂದಳು. ಮೂರನೆಯದಕ್ಕೆ ಇಡೀ ತರಗತಿ "ಬೇ!" ಎಂದು ಕೂಗಿತು. ಪೀ ಎಂದರೆ ಎರಡು, ಬೇ ಎಂದರೆ ಮೂರು. ಖ್ಮೇರ್ ಅಂಕಿಗಳಿಗೂ ಕನ್ನಡ ಅಂಕಿಗಳಿಗೂ ಅಷ್ಟು ಹೋಲಿಕೆ. ೫ ಬರೆದಾಗ ಮಾತ್ರ ಮಕ್ಕಳು ಸೋತರು. ಖ್ಮೇರರ ಲೆಕ್ಕದಲ್ಲಿ ಆರಕ್ಕೆ ಬೇರೆ ಹೆಸರಿಲ್ಲ. ಐದು-ಒಂದು, ಐದು-ಎರಡು ಎಂದು ಒಂಬತ್ತರವರೆಗೂ ಐದನ್ನೇ ಹಿಡಿದು ನಡೆಯುತ್ತಾರೆ. ಇಂಥ ಐದೇ ಪರಕೀಯವಾಗಿ ಕಂಡದ್ದು ಅವರಿಗೂ ತಮಾಷೆಯಾಗಿರಬೇಕು.

ಅಂಕಿಯ ವಿಷಯಕ್ಕೆ ಬಂದರೆ ಈ ದೇಶಕ್ಕೆ ಒಂದು ಹೆಗ್ಗಳಿಕೆಯೂ ಇದೆ. ಮೆಕಾಂಗ್ ನದಿಯ ದಂಡೆಯ ಸಂಬೋರ್‌ನಲ್ಲಿ ಸಿಕ್ಕ ಶಾಸನವೊಂದರಲ್ಲಿ ಶಕವರ್ಷ 605 ಎಂದು, ಅಂದರೆ ಕ್ರಿ.ಶ. 683, ಅಂಕಿಗಳಲ್ಲಿ ಕೆತ್ತಿದ್ದಾರೆ. ನಡುವಿನ ಸೊನ್ನೆ ಒಂದು ಚುಕ್ಕೆ. ಕಾಲ ಖಚಿತವಾಗಿರುವ ಅತಿ ಹಳೆಯ ಸೊನ್ನೆಗಳಲ್ಲಿ ಅದೊಂದು. ಇಲ್ಲಿನ ಮಕ್ಕಳು ಇಂದಿಗೂ ತಮ್ಮ ಅಂಕಿಗಳಲ್ಲೇ ಲೆಕ್ಕ ಮಾಡುತ್ತಾರೆ. ತಿಪಟೂರಿನ ಮಕ್ಕಳಿಗೆ ೩ ತೋರಿಸಿದರೆ ಎಷ್ಟು ಮಂದಿ ಅಷ್ಟು ಜೋರಾಗಿ ಕೂಗಿಯಾರು ಎಂಬ ಪ್ರಶ್ನೆ ಬೇಡ. ಈ ಬರಹದಲ್ಲೇ ಇಸವಿಗಳು ಯಾವ ಅಂಕಿಗಳಲ್ಲಿವೆ ನೋಡಿ.

ಮಕ್ಕಳು ಬರೆಯಲು ಕೂತಾಗ ಟೀಚರಮ್ಮ ಇನ್ನೊಂದನ್ನು ಗಮನಿಸಿದರು. ಕೊನೆಯ ಬೆಂಚಿನ ಹುಡುಗನೊಬ್ಬನಿಗೆ ಅಕ್ಷರ ತಿರುವು ಸಿಗುತ್ತಿರಲಿಲ್ಲ. ನೇಕ್‌ಕ್ರೂ ಅವನ ಹಿಂದೆ ನಿಂತು ತೋರುಬೆರಳಿನಿಂದ ಅವನ ಬೆನ್ನಿನ ಮೇಲೆ ಅದೇ ಅಕ್ಷರವನ್ನು ಮೆಲ್ಲಗೆ ಎರಡು ಸಲ ಬರೆದರು. ಹುಡುಗ ಕಚಗುಳಿಯಾಗಿ ಮುಲುಗಿದ, ಆಮೇಲೆ ಬರೆದ. ಮರಳಿನ ಮೇಲೆ, ಅಕ್ಕಿಯ ಮೇಲೆ ತಿದ್ದಿಸಿದ್ದ ಟೀಚರಮ್ಮನಿಗೆ ಈ ಪದ್ಧತಿ ಹೊಸದು. ಯಾವ ತರಬೇತಿಯಲ್ಲಿ ಕಲಿತದ್ದು ಎಂದು ಕೇಳಿಸಿದರು. ನೇಕ್‌ಕ್ರೂ ಹುಡುಗನಿಗೆ ಏನೋ ಹೇಳಿದರು. "ಮನೆಯಲ್ಲಿ ಹೇಳುತ್ತಾರಂತೆ" ಎಂದ ಹುಡುಗ.

ಹನ್ನೊಂದಕ್ಕೆ ರಿಮ್ಮು ಬಾರಿಸಿತು. ಮನೆ ಅಲ್ಲಿಂದ ಅರ್ಧ ಕಿಲೋಮೀಟರು. ಕಂಬಗಳ ಮೇಲೆ ಎತ್ತರಿಸಿ ಕಟ್ಟಿದ ಮರದ ಮನೆ. ಮೇಲೆ ಮಲಗುವುದು, ಕೆಳಗೆ ನೆರಳಲ್ಲಿ ಉಳಿದೆಲ್ಲ ಬದುಕು. ಬಿದಿರ ಮಂಚ, ಕಂಬದಿಂದ ಕಂಬಕ್ಕೆ ಕಟ್ಟಿದ ತೂಗುಹಾಸಿಗೆ, ಮಳೆನೀರಿನ ದೊಡ್ಡ ಗುಡಾಣಗಳು, ಒಂದು ಮೋಟಾರು ಸೈಕಲ್ಲು, ಕೋಳಿಗಳು. ಅಂಗಳದ ತುದಿಯಲ್ಲಿ ಒಲೆ ಉರಿಯುತ್ತಿತ್ತು. ನೇಕ್‌ಕ್ರೂ ಅವರ ಯಜಮಾನರು ಕೊಪ್ಪರಿಗೆಯ ಮುಂದೆ ಕುಳಿತಿದ್ದರು. ಅರವತ್ತರ ಹತ್ತಿರದ ಆಳು. ದಿನಕ್ಕೆ ಎರಡು ಸಲ ಬಿದಿರ ಏಣಿ ಹಿಡಿದು ತಾಳೆಮರ ಹತ್ತುವವರು. ರಸ ಹುಳಿಯಾಗದಂತೆ ಬಿದಿರಿನ ಕೊಳವೆಯೊಳಗೆ ಒಂದು ಮರದ ಚಕ್ಕೆಯ ಚೂರು ಹಾಕುತ್ತಾರೆ. ನಮ್ಮ ಕಡೆ ನೀರಾಕ್ಕೆ ಸುಣ್ಣ ಬಳಿಯುವ ಹಾಗೆ. ಮೂರು ನಾಲ್ಕು ತಾಸು ಕುದಿಸಿ, ಇಳಿಸಿ, ಮರದ ಕೋಲಿನಿಂದ ತಿರುವಿ ತಿರುವಿ ಪಾಕ ಬಿಳಿಚಿಕೊಂಡ ಮೇಲೆ ತಾಳೆಗರಿಯ ಬಳೆಗಳಲ್ಲಿ ಹೊಯ್ದು ಬಿಲ್ಲೆ ಮಾಡುತ್ತಾರೆ. ತೆಂಗಿನ ನಾಡಿನ ಯಜಮಾನರಿಗೂ ತಾಳೆಯ ಯಜಮಾನರಿಗೂ ಭಾಷೆಯ ಅಗತ್ಯವೇ ಬೀಳಲಿಲ್ಲ. ಮಧ್ಯಾಹ್ನವೆಲ್ಲ ಇಬ್ಬರೂ ಒಲೆಯ ಮುಂದೆಯೇ ಇದ್ದರು.

ಊಟದ ವಿಷಯದಲ್ಲಿ ಕೊಂಚ ಪೇಚಾಟವಾಯಿತು. ಪ್ರಾಹೊಕ್ ಎಂಬ ಕೊಳೆಸಿದ ಮೀನಿನ ಗೊಜ್ಜು ಇಲ್ಲದೆ ಖ್ಮೇರರ ಅಡಿಗೆ ಇಲ್ಲ. ತಿಪಟೂರಿನವರು ಮೀನು ಮಾಂಸ ಮುಟ್ಟುವವರಲ್ಲ. ಹುಡುಗ ಮೊದಲೇ ಹೇಳಿದ್ದರಿಂದ ಅನ್ನ, ಉಪ್ಪು ಖಾರ ಹಚ್ಚಿದ ಮಾವಿನಕಾಯಿ, ತಾಟಿನಿಂಗು, ಜೊತೆಗೆ ಬಾಳೆಎಲೆಯಲ್ಲಿ ಸುತ್ತಿ ಬೇಯಿಸಿದ ಅನ್ಸೊಂ ಚೇಕ್ ಸಿದ್ಧವಾಗಿತ್ತು. ಅಂಟಕ್ಕಿ, ತೆಂಗಿನ ತುರಿ, ನಡುವೆ ಬಾಳೆಹಣ್ಣು. ಎಲೆ ಬಿಚ್ಚಿದಾಗ ಬಂದ ವಾಸನೆ ಥೇಟ್ ಎಲೆಕಡುಬಿನದು.

ಉಂಡ ಮೇಲೆ ನೇಕ್‌ಕ್ರೂ ಬೆನ್ನಿನ ಅಕ್ಷರದ ಕಥೆ ಹೇಳಿದರು.

1975ರ ಏಪ್ರಿಲ್ 17ರಂದು ಖ್ಮೇರ್ ರೂಜ್ ಸೈನ್ಯ ರಾಜಧಾನಿ ನೋಮ್ ಪೆನ್ಹ್ ಹಿಡಿದಾಗ ಆಕೆಗೆ ಆರು ವರ್ಷ. ಪಟ್ಟಣಗಳನ್ನೆಲ್ಲ ಖಾಲಿ ಮಾಡಿಸಿ ಜನರನ್ನು ಹಳ್ಳಿಗಳಿಗೆ ಅಟ್ಟಿದರು. ಶಾಲೆ, ದುಡ್ಡು, ಮಾರುಕಟ್ಟೆ, ಪೂಜೆ ಎಲ್ಲ ರದ್ದು. 1979ರ ಜನವರಿ 7ರವರೆಗೆ, ನಾಲ್ಕು ವರ್ಷಕ್ಕೆ ಸ್ವಲ್ಪ ಕಡಿಮೆ ನಡೆದ ಆ ಆಳ್ವಿಕೆಯಲ್ಲಿ ಹಸಿವು, ರೋಗ, ದುಡಿತ, ಕೊಲೆಗಳಿಂದ ಸತ್ತವರು ಸುಮಾರು 17 ಲಕ್ಷ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ. ಓದಿದವರ ಮೇಲೆ ವಿಶೇಷ ಕಣ್ಣು. ಕನ್ನಡಕ ಹಾಕಿದವರ ಮೇಲೆ, ಅಂಗೈ ಮೆತ್ತಗಿದ್ದವರ ಮೇಲೆ ಅನುಮಾನ. ದೇಶದ ಮುಕ್ಕಾಲು ಪಾಲಿಗೂ ಹೆಚ್ಚು ಶಿಕ್ಷಕರು ಸತ್ತರು ಇಲ್ಲವೇ ದೇಶ ಬಿಟ್ಟರು ಎಂದು ಅಂದಾಜು. ನೋಮ್ ಪೆನ್ಹ್‌ನ ತುವೊಲ್ ಸ್ಲೆಂಗ್ ಸೆರೆಮನೆಗೆ ಹೋದ ಪ್ರವಾಸಿಗರಿಗೆ ಮೊದಲು ತಟ್ಟುವುದೇ ಇದು: ಅದು ಒಂದು ಪ್ರೌಢಶಾಲೆ. ತರಗತಿಯ ಕೋಣೆಗಳಲ್ಲೇ ಇಟ್ಟಿಗೆಯ ಗೂಡುಗಳನ್ನು ಕಟ್ಟಿ ಹನ್ನೆರಡು ಸಾವಿರಕ್ಕೂ ಹೆಚ್ಚು ಜನರನ್ನು ಕೂಡಿಹಾಕಿದ್ದರು. ಬದುಕಿ ಬಂದವರು ಬೆರಳೆಣಿಕೆಯವರು.

ಮನಸ್ಸಿಗೆ ಇನ್ನೂ ಒಗ್ಗದ ಸಂಗತಿ, ಇದನ್ನೆಲ್ಲ ಮಾಡಿಸಿದವರೂ ಮೇಷ್ಟ್ರುಗಳೇ. ಪೋಲ್ ಪಾಟ್ ನೋಮ್ ಪೆನ್ಹ್‌ನ ಖಾಸಗಿ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದವನು. ಆ ಸೆರೆಮನೆಯ ಮುಖ್ಯಸ್ಥ ದುಚ್ ಗಣಿತದ ಮೇಷ್ಟ್ರು. ಅವನನ್ನು ವಿಶೇಷ ನ್ಯಾಯಾಲಯ 2010ರಲ್ಲಿ ಅಪರಾಧಿ ಎಂದಿತು. ಮೇಲ್ಮನವಿಯಲ್ಲಿ 2012ರಲ್ಲಿ ಜೀವಾವಧಿ ಶಿಕ್ಷೆಯಾಯಿತು. 2020ರಲ್ಲಿ ಸತ್ತ.

ನೇಕ್‌ಕ್ರೂ ಅವರ ತಂದೆ ಸಿಯೆಮ್ ರೀಪ್ ಪಟ್ಟಣದಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರು. ಹಳ್ಳಿಗೆ ಅಟ್ಟಿದ ದಿನವೇ ದಾರಿಯಲ್ಲಿ ಕನ್ನಡಕವನ್ನು ಹೂತುಹಾಕಿದರಂತೆ. ಕೇಳಿದವರಿಗೆ ತಾನು ಸೈಕಲ್ ರಿಪೇರಿಯವನು ಎಂದರು. ಮಕ್ಕಳಿಗೆ, "ಅಪ್ಪನಿಗೆ ಓದು ಬರುತ್ತದೆ ಎಂದು ಯಾರಿಗೂ ಹೇಳಬೇಡಿ" ಎಂದು ಕಲಿಸಿದರು. ರಾತ್ರಿ ಮಗಳು ಪಕ್ಕದಲ್ಲಿ ಮಲಗಿದಾಗ ಬೆನ್ನಿನ ಮೇಲೆ ಬೆರಳಿನಿಂದ ಕಾ, ಖಾ ಬರೆಯುತ್ತಿದ್ದರು. ನೆಲದ ಮೇಲೆ ಬರೆದರೆ ಗುರುತು ಉಳಿಯುತ್ತದೆ. ಬೆನ್ನಿನ ಮೇಲೆ ಉಳಿಯುವುದಿಲ್ಲ. ದಿನಕ್ಕೆ ಒಂದೇ ಅಕ್ಷರ. ಸರಿಯಾಗಿ ತಿಳಿದರೆ ಅವರ ಅಂಗೈಯನ್ನು ಒಮ್ಮೆ ಒತ್ತಬೇಕು. ಬಾಯಿ ಬಿಡುವ ಹಾಗಿಲ್ಲ.

ಎರಡು ವರ್ಷ ಹೀಗೆ ಸಾಗಿತು. ಒಂದು ದಿನ ಕಾಲುವೆ ತೋಡುವ ಕಡೆ ಬೇರೆ ಹಳ್ಳಿಯ ಗುಂಪು ಬಂತು. ಅದರಲ್ಲೊಬ್ಬ ಹದಿನೇಳು ಹದಿನೆಂಟರ ಹುಡುಗ ಮಣ್ಣಿನ ಬುಟ್ಟಿ ಕೆಳಗಿಟ್ಟು, ಎಲ್ಲರೆದುರಿಗೆ ಕೈಮುಗಿದು, "ಲೋಕ್‌ಕ್ರೂ!" ಎಂದ. ಹಳೆಯ ವಿದ್ಯಾರ್ಥಿ. ದ್ರೋಹ ಬಗೆಯಲು ಅಂದದ್ದಲ್ಲ. ಮೇಷ್ಟ್ರನ್ನು ಕಂಡ ಸಂತೋಷಕ್ಕೆ ಅಭ್ಯಾಸಬಲದಿಂದ ಬಾಯಿಗೆ ಬಂದದ್ದು. ಅಂದಮೇಲೆ ಅವನಿಗೇ ಗೊತ್ತಾಗಿ ಬಾಯಿ ಮುಚ್ಚಿಕೊಂಡನಂತೆ. ಮಾರನೆಯ ಸಂಜೆ ಇಬ್ಬರು ಬಂದು, ನಿನ್ನನ್ನು ಓದಲು ಕರೆದಿದ್ದಾರೆ ಎಂದರು. ಆ ಕಾಲದಲ್ಲಿ ಕೊಲ್ಲಲು ಕರೆದೊಯ್ಯುವಾಗ ಹೇಳುತ್ತಿದ್ದ ಮಾತು ಅದೇ, ಓದಲು. ಅವರು ತಿರುಗಿ ಬರಲಿಲ್ಲ.

ಹುಡುಗ ಇದನ್ನು ಅನುವಾದಿಸುತ್ತ ಒಂದೆರಡು ಕಡೆ ನಿಂತ. ಅವನಿಗೂ ಪೂರ್ತಿ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಟೀಚರಮ್ಮ, "ಆ ಹುಡುಗ?" ಎಂದು ಕೇಳಿದರು. ಬದುಕಿದ್ದಾನೆ ಎಂದರು ನೇಕ್‌ಕ್ರೂ. ಪ್ರತಿ ಹೊಸವರ್ಷಕ್ಕೆ, ಏಪ್ರಿಲ್‌ನಲ್ಲಿ, ಹಣ್ಣು ತೆಗೆದುಕೊಂಡು ಬರುತ್ತಾನೆ. ಅಮ್ಮ ಇರುವತನಕ ಅಮ್ಮನ ಕಾಲಿಗೆ ಬೀಳುತ್ತಿದ್ದ. ಈಗ ಸುಮ್ಮನೆ ಕೂತು ಹೋಗುತ್ತಾನೆ.

1979ರಲ್ಲಿ ಶಾಲೆಗಳು ಮತ್ತೆ ತೆರೆದಾಗ ಪುಸ್ತಕವಿರಲಿಲ್ಲ, ಮೇಷ್ಟ್ರಿರಲಿಲ್ಲ. ಹೆಚ್ಚು ಬಲ್ಲವರು ಕಡಿಮೆ ಬಲ್ಲವರಿಗೆ ಹೇಳಿಕೊಡಲಿ ಎಂಬುದೇ ಸರ್ಕಾರದ ನಿಯಮ. ನಾಲ್ಕು ತರಗತಿ ಓದಿದವರು ಮೂರನೇ ತರಗತಿಗೆ ಮೇಷ್ಟ್ರಾದರು. 1980ರ ಮಾರ್ಚ್‌ನಲ್ಲಿ ರಿಯೆಲ್ ನಾಣ್ಯ ಮತ್ತೆ ಚಲಾವಣೆಗೆ ಬರುವವರೆಗೂ ದೇಶದಲ್ಲಿ ದುಡ್ಡೇ ಇರಲಿಲ್ಲ. ಸಂಬಳ ಅಕ್ಕಿಯ ರೂಪದಲ್ಲಿ. ಹತ್ತು ವರ್ಷದ ಹುಡುಗಿ ಒಂದನೇ ತರಗತಿಗೆ ಸೇರಿದಾಗ ಇಡೀ ವರ್ಣಮಾಲೆ ಬಲ್ಲವಳು ಅವಳೊಬ್ಬಳೇ. ಹತ್ತೊಂಬತ್ತಕ್ಕೆ ತಾನೇ ಟೀಚರಾದಳು. ಅಮ್ಮ ಒಪ್ಪಿರಲಿಲ್ಲ. ಸೈಕಲ್ ರಿಪೇರಿಯವರನ್ನು ಯಾರೂ ಕೊಲ್ಲುವುದಿಲ್ಲ ಎಂದಿದ್ದರಂತೆ.

ಹೆಂಗಸರು ಪಾಠ ಹೇಳುವುದು ಆ ನೆಲಕ್ಕೆ ಹೊಸದೇನಲ್ಲ. ಏಳನೆಯ ಜಯವರ್ಮನ ರಾಣಿ ಇಂದ್ರಾದೇವಿ ವಿಹಾರದಲ್ಲಿ ಸ್ತ್ರೀಯರಿಗೆ ಪಾಠ ಹೇಳುತ್ತಿದ್ದಳು; ಆಕೆ ಸಂಸ್ಕೃತದಲ್ಲಿ ರಚಿಸಿದ ಶಾಸನ ಆಂಗ್ಕೋರ್‌ನ ಫಿಮಿಯನಾಕಾಸ್‌ನಲ್ಲಿ ಸಿಕ್ಕಿದೆ. ರಾಣಿಗೆ ಸಂಬಳದ ಚಿಂತೆ ಇರಲಿಲ್ಲವೆಂಬುದೊಂದೇ ವ್ಯತ್ಯಾಸ.

ಸಂಬಳದ ಮಾತು ತೆಗೆದವರು ಟೀಚರಮ್ಮನೇ. ನೇಕ್‌ಕ್ರೂ ಮುಚ್ಚಿಡಲಿಲ್ಲ. 1990ರ ದಶಕದಲ್ಲಿ ತಿಂಗಳಿಗೆ ಇಪ್ಪತ್ತು ಮೂವತ್ತು ಡಾಲರ್. ಅದೂ ಎಷ್ಟೋ ಸಲ ತಡವಾಗಿ. ಅಕ್ಕಿಗೇ ಸಾಲದು. ಆಗ ದೇಶದ ತುಂಬ ಮೇಷ್ಟ್ರುಗಳು ಮಾಡಿದ್ದನ್ನೇ ಆಕೆಯೂ ಮಾಡಿದರು. ದಿನಕ್ಕೆ ಮಗುವಿಗೆ ನೂರು ರಿಯೆಲ್. ಪುಸ್ತಕದಲ್ಲಿ ಫೀಸಿಲ್ಲ, ಬಾಗಿಲಲ್ಲಿ ಡಬ್ಬಿ. ಟೀಚರಮ್ಮನ ಮುಖ ಸ್ವಲ್ಪ ಗಂಟಾಯಿತು. ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿಯ ಮಗುವಿನ ಕೈಯಿಂದ! ನೇಕ್‌ಕ್ರೂ ಅದನ್ನು ಕಂಡು ಮಾತು ನಿಲ್ಲಿಸಲಿಲ್ಲ. "ಇಲ್ಲದ ಮಕ್ಕಳು ಕಂಬದ ಹಿಂದೆ ನಿಲ್ಲುತ್ತಿದ್ದವು. ನಾನು ಡಬ್ಬಿ ಒಳಗಿಟ್ಟ ಮೇಲೆ ಬಂದು ಕೂರುತ್ತಿದ್ದವು. ನಾನು ನೋಡುತ್ತಿದ್ದೆ, ನೋಡಲಿಲ್ಲವೆಂಬಂತೆ ಇರುತ್ತಿದ್ದೆ. ಕೆಲವು ಮಕ್ಕಳು ಕೆಲವು ದಿನ ಕಂಬದ ಹಿಂದಿನಿಂದಲೇ ಮನೆಗೆ ಹೋದವು. ಆಮೇಲೆ ಬರಲೇ ಇಲ್ಲ. ಅವುಗಳ ಹೆಸರು ನನಗೆ ನೆನಪಿದೆ."

ಈಗ ಸಂಬಳ ಕೆಲವು ನೂರು ಡಾಲರಿಗೆ ಏರಿದೆ. ಆಕೆಯ ತರಗತಿಯಲ್ಲಿ ಡಬ್ಬಿ ಇಲ್ಲ. ಶಾಲೆಯ ನಂತರದ ಟ್ಯೂಷನ್ ಈ ದೇಶದಲ್ಲಿ ಹೋಗಿಲ್ಲ. ಅದು ತಿಪಟೂರಿನಲ್ಲೂ ಹೋಗಿಲ್ಲ. ಆ ಕಷ್ಟದ ವರ್ಷಗಳಲ್ಲಿ ಮನೆ ನಡೆಸಿದ್ದು ಯಜಮಾನರ ತಾಳೆಮರಗಳು. ಟೀಚರಮ್ಮ ಏನೂ ಹೇಳಲಿಲ್ಲ. ತಮ್ಮ ತಟ್ಟೆಯಲ್ಲಿ ಉಳಿದಿದ್ದ ಅರ್ಧ ಕಡುಬನ್ನು ಮುಗಿಸಿದರು.

ಹೊರಡುವಾಗ ಯಜಮಾನರು ಲಕೋಟೆಯೊಂದನ್ನು ತೆಗೆದರು. ಐವತ್ತು ಡಾಲರ್. ಶಾಲೆಗೆ ಎಂದರು. ನೇಕ್‌ಕ್ರೂ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡರು. ಶಾಲೆಗಾದರೆ ಶಾಲೆಯಲ್ಲಿ ಕೊಡಬೇಕು, ನಾಯಕರು ರಸೀದಿ ಬರೆಯುತ್ತಾರೆ. ಮನೆಯಲ್ಲಿ ತೆಗೆದುಕೊಂಡರೆ ಅದು ನನ್ನದಾಗುತ್ತದೆ ಎಂದರು. ಆಮೇಲೆ, ಬೆಲ್ಲ ಬೇಕಿದ್ದರೆ ಕೊಳ್ಳಿ ಎಂದೂ ಸೇರಿಸಿದರು. ರೇಟು ಹೇಳಿದ್ದು ಅವರ ಯಜಮಾನರು. ಕೊಬ್ಬರಿ ಮಂಡಿಯ ಯಜಮಾನರು ಅಭ್ಯಾಸಬಲದಿಂದ ಚೌಕಾಸಿಗೆ ಇಳಿದವರು, ಹೆಂಡತಿ "ರೀ" ಎಂದು ಒಮ್ಮೆ ನೋಡಿದ ಮೇಲೆ ಸುಮ್ಮನಾದರು. ಎಂಟು ಕೊಳವೆ ತಾಳೆಗರಿಯ ಪೊಟ್ಟಣ, ಒಂದೊಂದರಲ್ಲಿ ಹತ್ತು ಬಿಲ್ಲೆ.

ಲಕೋಟೆ ಕೊಡಲು ಮತ್ತೆ ಶಾಲೆಗೆ ಹೋದರು. ಮಧ್ಯಾಹ್ನದ ಪಾಳಿ ನಡೆಯುತ್ತಿತ್ತು. ನಾಯಕರು ರಸೀದಿ ಪುಸ್ತಕ ಹುಡುಕಿ, ತಾರೀಖು ಬರೆದು, ಮೊಹರು ಒತ್ತುವಷ್ಟರಲ್ಲಿ ನಾಲ್ಕೂವರೆ. ಬಂತಿಯಾಯ್ ಸ್ರೈ ಬಾಗಿಲು ಹಾಕುವ ಹೊತ್ತು ಹತ್ತಿರವಾಗಿತ್ತು. ಟುಕ್‌ಟುಕ್ ಎಷ್ಟು ಓಡಿಸಿದರೂ ತಲುಪಿದಾಗ ಕಾವಲಿನವನು ಬಾಗಿಲಿಗೆ ಅಡ್ಡಗಟ್ಟೆ ಎಳೆಯುತ್ತಿದ್ದ. ನಾಳೆ ಬನ್ನಿ ಎಂದ.

ಮೂರು ದಿನದ ಟಿಕೆಟ್ಟು ಅವತ್ತಿಗೆ ಮುಗಿದಿತ್ತು. ಯಜಮಾನರು ಗೊಣಗಿದರು. ಟೀಚರಮ್ಮ ರಸೀದಿಯನ್ನು ಬೆಳಕಿಗೆ ಹಿಡಿದು ಅದರಲ್ಲಿನ ಖ್ಮೇರ್ ಅಂಕಿಗಳನ್ನು ಒಂದೊಂದಾಗಿ ಓದಲು ನೋಡುತ್ತಿದ್ದರು. ೨ ಸಿಕ್ಕಿತು, ೦ ಸಿಕ್ಕಿತು. ಐದರ ಮೇಲೆ ಬೆರಳಿಟ್ಟು ಹುಡುಗನನ್ನು ಕೇಳಿದರು. "ಪ್ರಾಂ, ನೇಕ್‌ಕ್ರೂ" ಎಂದ ಅವನು, ಗಾಡಿ ತಿರುಗಿಸುತ್ತ.